ನೀರು ಬೆರೆಯುವ ಆಯಿಲ್ ಪೇಂಟ್: ನೀರು ಎಲ್ಲಿ ಬೇಕು, ಎಲ್ಲಿ ಬೇಡ

ಉಡುಪಿಯ ಓದುಗರೊಬ್ಬರ ಪ್ರಶ್ನೆ: "ಕಾಲೇಜಿನಲ್ಲಿದ್ದಾಗ ಆಯಿಲ್ ಪೇಂಟಿಂಗ್ ಮಾಡುತ್ತಿದ್ದೆ. ಈಗ ಮನೆಯಲ್ಲಿ ಎರಡು ವರ್ಷದ ಮಗಳಿದ್ದಾಳೆ. ಟರ್ಪಂಟೈನ್ ವಾಸನೆಗೆ ನನಗೂ ತಲೆನೋವು ಬರುತ್ತದೆ. ಅದಕ್ಕೇ ನೀರಿನಲ್ಲಿ ಬೆರೆಯುವ ಆಯಿಲ್ ಪೇಂಟ್ ತರಿಸಿದೆ. ಆದರೆ ನೀರು ಹಾಕಿದ ಕೂಡಲೇ ಬಣ್ಣ ಅಂಟಂಟಾಗುತ್ತದೆ, ಬಿಳಿಚಿಕೊಳ್ಳುತ್ತದೆ. ಒಣಗಿದ ಮೇಲೆ ಅಲ್ಲಲ್ಲಿ ಮಂಕು. ಇದು ನಿಜವಾದ ಆಯಿಲ್ ಪೇಂಟೇನಾ? ಹಳೆಯ ಟ್ಯೂಬುಗಳು ಇನ್ನೂ ಇವೆ, ಅವುಗಳ ಜೊತೆ ಬೆರೆಸಬಹುದಾ? ನಮ್ಮೂರ ಮಳೆಗಾಲದಲ್ಲಿ ಇದು ಒಣಗುತ್ತದಾ?"

ಇದು ನಿಜವಾದ ಆಯಿಲ್ ಪೇಂಟೇ. ಆ ಅನುಮಾನ ಬಿಟ್ಟುಬಿಡಿ. ಟ್ಯೂಬಿನಲ್ಲಿರುವುದು ಪಿಗ್ಮೆಂಟ್, ಅಂದರೆ ಬಣ್ಣದ ಪುಡಿ, ಮತ್ತು ಅಗಸೆ ಎಣ್ಣೆ. ಕೆಲವು ಬಿಳಿ ಬಣ್ಣಗಳಲ್ಲಿ ಅಗಸೆಯ ಬದಲು ಕುಸುಬೆ ಎಣ್ಣೆ ಇರುತ್ತದೆ, ಅದು ಹಳದಿಯಾಗುವುದು ಕಡಿಮೆ. ಎಣ್ಣೆಯ ಗುಣವನ್ನು ಸ್ವಲ್ಪ ಮಾರ್ಪಡಿಸಿಯೋ, ನೀರು ಎಣ್ಣೆ ಎರಡನ್ನೂ ಹಿಡಿದಿಡುವ ಎಮಲ್ಸಿಫೈಯರ್ ಸೇರಿಸಿಯೋ ಇದನ್ನು ತಯಾರಿಸುತ್ತಾರೆ. ವಿನ್ಸರ್ ಅಂಡ್ ನ್ಯೂಟನ್‌ನ ಆರ್ಟಿಸಾನ್, ರಾಯಲ್ ಟ್ಯಾಲೆನ್ಸ್‌ನ ಕೋಬ್ರಾ, ಜಪಾನಿನ ಹೋಲ್ಬೈನ್ ಡುವೊ ಎಲ್ಲವೂ ಇದೇ ಜಾತಿಯವು. ಒಣಗುವ ರೀತಿಯೂ ಹಳೆಯ ಆಯಿಲ್ ಪೇಂಟಿನದೇ. ಬೆರೆಸಿದ ನೀರು ಮೊದಲು ಆವಿಯಾಗಿ ಹೋಗುತ್ತದೆ. ಆಮೇಲೆ ಎಣ್ಣೆ ನಿಧಾನವಾಗಿ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಆಕ್ರಿಲಿಕ್ ಹಾಗಲ್ಲ, ನೀರು ಹೋದರೆ ಅದರ ಕೆಲಸ ಹೆಚ್ಚುಕಮ್ಮಿ ಮುಗಿದ ಹಾಗೆ. ನಿಮ್ಮ ಕೈಯಲ್ಲಿರುವುದಕ್ಕೆ ನೀರು ಹೋದ ಮೇಲೆಯೇ ಅಸಲಿ ಒಣಗುವಿಕೆ ಶುರು.

ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಡಬ್ಬಿಯ ಮೇಲೆ ನೀರಿನ ಮಾತು ದೊಡ್ಡದಾಗಿ ಅಚ್ಚಾಗಿರುತ್ತದೆ. ಅದನ್ನು ನೋಡಿದವರು ಜಲವರ್ಣದ ಹಾಗೆ ಪ್ರತಿ ಸಲವೂ ಬ್ರಷ್ಷನ್ನು ನೀರಿಗೆ ಅದ್ದುತ್ತಾರೆ. ನನ್ನ ಲೆಕ್ಕದಲ್ಲಿ ಈ ಬಣ್ಣಕ್ಕೆ ನೀರು ಬೇಕಾಗುವುದು ಎರಡೇ ಕಡೆ. ಒಂದು, ಮೊದಲ ತೆಳು ಪದರಕ್ಕೆ. ಇನ್ನೊಂದು, ಬ್ರಷ್ ತೊಳೆಯುವುದಕ್ಕೆ. ಉಳಿದದ್ದೆಲ್ಲ ಆಯಿಲ್ ಪೇಂಟಿನ ಪದ್ಧತಿಯಲ್ಲೇ ನಡೆಯಬೇಕು. ಬಣ್ಣ ತೆಳುವಾಗಬೇಕಾದರೆ ನೀರಲ್ಲ, ಇದಕ್ಕೆಂದೇ ಸಿಗುವ ವಾಟರ್ ಮಿಕ್ಸಬಲ್ ಲಿನ್ಸೀಡ್ ಆಯಿಲ್ (ನೀರಿಗೆ ಬೆರೆಯುವ ಅಗಸೆ ಎಣ್ಣೆ) ಅಥವಾ ಮೀಡಿಯಂ (ಬಣ್ಣಕ್ಕೆ ಬೆರೆಸುವ ದ್ರವ) ಹಾಕಬೇಕು.

ಅಂಟು ಯಾಕೆ ಬರುತ್ತದೆ ಅಂತ ಪ್ಯಾಲೆಟ್ ಮೇಲೆ ಒಮ್ಮೆ ಮಾಡಿ ನೋಡಿ. ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಬಣ್ಣ ಒಂದು ಅವರೆಕಾಳಿನಷ್ಟು ತೆಗೆದುಕೊಳ್ಳಿ. ಪ್ಯಾಲೆಟ್ ನೈಫಿನ ತುದಿಯಲ್ಲಿ ಒಂದೇ ಹನಿ ನೀರು ಇಟ್ಟು ಚೆನ್ನಾಗಿ ಅರೆಯಿರಿ. ಬಣ್ಣ ತೆಳುವಾಗುವ ಬದಲು ಬಿಗಿಯಾಗುತ್ತದೆ, ನೈಫಿಗೆ ಅಂಟಿಕೊಂಡು ಎಳೆಯುತ್ತದೆ. ನೀರು ಸಣ್ಣಸಣ್ಣ ಹನಿಗಳಾಗಿ ಎಣ್ಣೆಯೊಳಗೆ ಸಿಕ್ಕಿಹಾಕಿಕೊಂಡಿದೆ, ಅದಕ್ಕೆ. ಬೆಳಕು ಆ ಹನಿಗಳಿಗೆ ಬಡಿದು ಚದುರುತ್ತದೆ. ಬಣ್ಣ ಬಿಳಿಚಿದಂತೆ ಕಾಣುವುದೂ ಇದರಿಂದಲೇ. ಈಗ ಇನ್ನೊಂದು ಹನಿ, ಮತ್ತೊಂದು ಹನಿ ಹಾಕುತ್ತಾ ಅರೆಯಿರಿ. ಒಂದು ಹಂತದಲ್ಲಿ ಬಿಗಿ ಥಟ್ಟನೆ ಬಿಟ್ಟು ಬಣ್ಣ ಹರಿಯತೊಡಗುತ್ತದೆ. ಅಲ್ಲಿ ಲೆಕ್ಕ ತಿರುಗಿರುತ್ತದೆ. ಮೊದಲು ಎಣ್ಣೆಯೊಳಗೆ ನೀರಿತ್ತು, ಈಗ ನೀರಿನೊಳಗೆ ಎಣ್ಣೆ. ಅಂಟಿನ ಹಂತದಲ್ಲಿ ನಿಂತುಬಿಟ್ಟರೆ ಕೆಲಸ ಕೆಡುತ್ತದೆ. ಒಂದೋ ನೀರು ಹಾಕಲೇಬೇಡಿ, ಇಲ್ಲವೇ ಆ ಹಂತ ದಾಟುವವರೆಗೂ ಹಾಕಿ. ಹಾಕುವಾಗಲೂ ಹನಿಹನಿಯಾಗಿ ಹಾಕಿ ಅರೆಯಿರಿ. ಒಮ್ಮೆಲೇ ಸುರಿದರೆ ಗಂಟು ಉಳಿಯುತ್ತದೆ.

ನೀರು ಆರಿದ ಮೇಲೆ ಆ ಬಿಳಿಚು ತಾನಾಗಿ ಹೋಗುತ್ತದೆ, ಬಣ್ಣ ಗಾಢವಾಗುತ್ತದೆ. ಹಾಗಾಗಿ ನೀರು ಬೆರೆತ ಬಣ್ಣವನ್ನು ನೋಡಿ ಶೇಡ್ ಹೊಂದಿಸಲು ಹೋಗಬೇಡಿ. ಮುಖದ ಬಣ್ಣ, ಆಕಾಶದ ಬಣ್ಣ ಇಂಥ ನಾಜೂಕಿನ ಕಡೆ ಇದು ಖಂಡಿತ ಮೋಸ ಮಾಡುತ್ತದೆ. ಅಲ್ಲೆಲ್ಲ ನೀರಿಲ್ಲದೆ ಬೆರೆಸಿದರೆ ಕಂಡ ಬಣ್ಣವೇ ಉಳಿಯುತ್ತದೆ.

ನಿಮಗೆ ಗೊತ್ತಿಲ್ಲದೆಯೇ ನೀರು ಒಳಗೆ ನುಸುಳುವ ದಾರಿ ಇನ್ನೊಂದಿದೆ. ತೊಳೆದ ಬ್ರಷ್ಷಿನ ತಗಡಿನ ಕೊರಳಲ್ಲಿ ನೀರು ನಿಂತಿರುತ್ತದೆ. ಬಣ್ಣ ಹಚ್ಚುವಾಗ ಅದು ಮೆಲ್ಲಗೆ ಇಳಿದು ಕೂದಲಿಗೆ ಬರುತ್ತದೆ. ದಪ್ಪ ಬಣ್ಣದಲ್ಲಿ ಕೆಲಸ ಮಾಡುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಅಂಟು. ಇದಕ್ಕೆ ಮದ್ದು ಸುಲಭ. ಚಿತ್ರ ಮಾಡುತ್ತಿರುವಾಗ ಬ್ರಷ್ ತೊಳೆಯಲೇಬೇಡಿ, ಹಳೆ ಬನಿಯನ್ ಬಟ್ಟೆಯಲ್ಲಿ ಬಿಗಿಯಾಗಿ ಒರೆಸಿ. ಕಪ್ಪು ಭಾಗಕ್ಕೊಂದು, ಬೆಳಕಿಗೊಂದು, ನಡುವಿನದಕ್ಕೊಂದು ಅಂತ ನಾಲ್ಕೈದು ಬ್ರಷ್ ಇಟ್ಟುಕೊಂಡರೆ ತೊಳೆಯುವ ಅಗತ್ಯವೇ ಬರುವುದಿಲ್ಲ. ಹಂದಿ ಕೂದಲಿನ ಹಳೆಯ ಬ್ರಷ್‌ಗಳು ನಿಮ್ಮ ಹತ್ತಿರ ಇರಬಹುದು. ಅವು ನೀರು ಕುಡಿದು ಮೆತ್ತಗಾಗುತ್ತವೆ, ಬಿರುಸು ಹೋಗುತ್ತದೆ. ಈ ಬಣ್ಣಕ್ಕೆ ಸ್ವಲ್ಪ ಗಡುಸಾದ ಸಿಂಥೆಟಿಕ್ ಬ್ರಷ್ಷೇ ಸರಿ.

ಇನ್ನು ಒಂದು ಚಿತ್ರವನ್ನು ಮೊದಲಿಂದ ಕೊನೆವರೆಗೆ ಹೇಗೆ ಮಾಡುವುದು ಅಂತ ಹೇಳುತ್ತೇನೆ. ತಾಮ್ರದ ಚೊಂಬು ಇಟ್ಟುಕೊಳ್ಳಿ. ಕಿಟಕಿಯ ಪಕ್ಕ, ಒಂದೇ ಕಡೆಯಿಂದ ಬೆಳಕು, ಕೆಳಗೆ ಮಾಸಲು ಬಿಳಿ ಬಟ್ಟೆ. ಹತ್ತು ಹನ್ನೆರಡು ಇಂಚಿನ ಬೋರ್ಡ್ ಸಾಕು.

ಮೊದಲ ದಿನ ಬರ್ನ್ಟ್ ಅಂಬರ್ ಒಂದೇ ಬಣ್ಣ. ಅಂಟಿನ ಹಂತ ದಾಟಿ ಹರಿಯುವಷ್ಟು ನೀರು ಬೆರೆಸಿ ಚೊಂಬಿನ ಆಕಾರ, ನೆರಳು, ಹಿನ್ನೆಲೆ ಎಲ್ಲವನ್ನೂ ತೆಳುವಾಗಿ ಹಚ್ಚಿ. ಹಸಿ ಇರುವಾಗಲೇ ಬಟ್ಟೆಯ ತುದಿಯಿಂದ ಬೆಳಕು ಬಿದ್ದ ಜಾಗಗಳನ್ನು ಒರೆಸಿ ತೆಗೆಯಿರಿ. ಬಾಯಿಯ ಅಂಚು, ಹೊಟ್ಟೆಯ ಉಬ್ಬು, ಬಟ್ಟೆಯ ಮಡಿಕೆ. ಇಷ್ಟಕ್ಕೇ ಚೊಂಬು ಎದ್ದು ನಿಲ್ಲುತ್ತದೆ. ಅಂಬರ್ ಯಾಕೆಂದರೆ ಅದರಲ್ಲಿ ಮ್ಯಾಂಗನೀಸ್ ಇದೆ, ಅದು ಎಣ್ಣೆಯನ್ನು ಬೇಗ ಒಣಗಿಸುತ್ತದೆ. ಐವರಿ ಬ್ಲ್ಯಾಕ್‌ನಲ್ಲಿ ಇದೇ ಕೆಲಸ ಮಾಡಿದರೆ ಕಾಯುವ ಕಾಲ ತುಂಬಾ ಜಾಸ್ತಿ.

ಈ ಪದರ ಮುಟ್ಟಿದರೆ ಕೈಗೆ ಬಾರದಷ್ಟು ಒಣಗುವ ತನಕ ಬಿಡಿ. ನೀರು ಆರಿದೆ ಅಂತ ಅವಸರ ಬೇಡ. ಎಣ್ಣೆ ಇನ್ನೂ ಹಿಡಿದಿರುವುದಿಲ್ಲ. ಅದರ ಮೇಲೆ ಮತ್ತೆ ನೀರುಬಣ್ಣ ಆಡಿಸಿದರೆ ಕೆಳಗಿನದೂ ಎದ್ದು ಬರುತ್ತದೆ. ಕಾಯುವಷ್ಟು ತಾಳ್ಮೆ ಇಲ್ಲದಿದ್ದರೆ ಈ ಮೊದಲ ಪದರವನ್ನು ಆಕ್ರಿಲಿಕ್‌ನಲ್ಲೇ ತೆಳುವಾಗಿ ಮಾಡಿಬಿಡಿ. ಕರಾವಳಿಯ ಮಳೆಗಾಲಕ್ಕೆ ನಾನು ಹೇಳುವುದೂ ಅದನ್ನೇ. ಆಕ್ರಿಲಿಕ್ ಮೇಲೆ ಆಯಿಲ್ ಕೂರುತ್ತದೆ. ಆಯಿಲ್ ಮೇಲೆ ಆಕ್ರಿಲಿಕ್ ಮಾತ್ರ ಯಾವತ್ತೂ ಬೇಡ, ಹಿಡಿತ ಸಿಗದೆ ಎದ್ದು ಬರುತ್ತದೆ.

ಎರಡನೇ ಪದರಕ್ಕೆ ನೀರಿನ ಲೋಟವನ್ನು ಕೈಗೆಟುಕದ ಕಡೆ ಇಡಿ. ಟ್ಯೂಬಿನಿಂದ ಬಂದ ಬಣ್ಣವನ್ನು ಹಾಗೇ ಬಳಸಿ. ತಾಮ್ರದ ಬೆಳಕಿನ ಬದಿಗೆ ಬರ್ನ್ಟ್ ಸಿಯೆನಾ, ಯೆಲ್ಲೋ ಓಕರ್, ಚೂರು ಕ್ಯಾಡ್ಮಿಯಂ ರೆಡ್. ನೆರಳಿಗೆ ಕಪ್ಪು ಬಣ್ಣ ಹಾಕಬೇಡಿ. ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಬ್ಲೂ ಸೇರಿಸಿ. ನೀಲಿ ಜಾಸ್ತಿಯಾದರೆ ತಣ್ಣನೆಯ ಕಪ್ಪು, ಅಂಬರ್ ಜಾಸ್ತಿಯಾದರೆ ಬೆಚ್ಚನೆಯ ಕಪ್ಪು. ಚೊಂಬಿನ ಹೊಟ್ಟೆಯ ಕೆಳಗೆ ನೆರಳಿನ ಒಳಗೇ ಒಂದು ಮಂದ ಬೆಳಕು ಕಾಣುತ್ತದೆ ನೋಡಿ. ಅದು ಬಟ್ಟೆಯಿಂದ ತಿರುಗಿ ಬಿದ್ದ ಬೆಳಕು. ಸಿಯೆನಾಗೆ ಸ್ವಲ್ಪ ನೀಲಿ, ಸ್ವಲ್ಪ ಬಿಳಿ ಬೆರೆಸಿ ಅದನ್ನು ಹಿಡಿಯಿರಿ. ಅದಿಲ್ಲದೆ ಚೊಂಬು ದುಂಡಗಾಗುವುದೇ ಇಲ್ಲ. ಇಲ್ಲಿ ತಪ್ಪುವುದು ಸುಲಭ. ಆ ಬೆಳಕು ಎಷ್ಟೇ ಕಣ್ಣಿಗೆ ಹೊಡೆದರೂ ಅದು ನೆರಳಿನ ಭಾಗ. ಬೆಳಕಿನ ಬದಿಯ ಯಾವ ಬಣ್ಣಕ್ಕಿಂತಲೂ ಅದು ಕಪ್ಪಾಗಿಯೇ ಇರಬೇಕು. ಕಣ್ಣು ಅರ್ಧ ಮುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಹೊಳಪಿನ ಚುಕ್ಕೆ ಕೊನೆಗೆ. ಟೈಟೇನಿಯಂ ವೈಟ್‌ಗೆ ಕಿಟಕಿಯ ಬೆಳಕಿನ ಬಣ್ಣ ಒಂಚೂರು ಸೇರಿಸಿ, ಬ್ರಷ್ಷಿನ ತುದಿಯಲ್ಲಿ ದಪ್ಪಗೆ ತೆಗೆದುಕೊಂಡು ಒಂದೇ ಸಲ ಇಟ್ಟುಬಿಡಿ. ತಿದ್ದಲು ಹೋದರೆ ಕೆಳಗಿನ ಬಣ್ಣ ಬೆರೆತು ಹೊಳಪು ಸತ್ತೇಹೋಗುತ್ತದೆ. ಕಪ್ಪು ಭಾಗ ತೆಳುವಾಗಿ, ಬೆಳಕಿನ ಭಾಗ ದಪ್ಪವಾಗಿ ಇಡುವುದು ಆಯಿಲ್ ಪೇಂಟಿಂಗಿನ ಹಳೆಯ ರೂಢಿ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದಾಗ ರವಿವರ್ಮನ ಚಿತ್ರಗಳನ್ನು ಎದುರಿನಿಂದ ಮಾತ್ರ ನೋಡಿ ಬರಬೇಡಿ. ಸ್ವಲ್ಪ ಪಕ್ಕಕ್ಕೆ ನಿಂತು ಒಡವೆಗಳ ಮೇಲೆ, ಜರಿಯ ಮೇಲೆ ಬಣ್ಣ ಹೇಗೆ ಕೂತಿದೆ ಅಂತ ನೋಡಿ. ಪುಸ್ತಕದ ಅಚ್ಚಿನಲ್ಲಿ ಇದು ಕಾಣಿಸುವುದಿಲ್ಲ.

ಇದೂ ಒಣಗಿದ ಮೇಲೆ ಬೇಕಿದ್ದರೆ ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಂಥ ಪಾರದರ್ಶಕ ತೆಳು ಪದರ. ಪರ್ಮನೆಂಟ್ ಅಲಿಜರಿನ್ ಅನ್ನುವ ಗಾಢ ಕೆಂಪಿಗೆ ವಾಟರ್ ಮಿಕ್ಸಬಲ್ ಮೀಡಿಯಂ ಬೆರೆಸಿ ನೆರಳಿನ ಬದಿಗೆ ಸವರಿ, ಬಟ್ಟೆಯಿಂದ ಮುಕ್ಕಾಲು ಪಾಲು ಒರೆಸಿ. ತಾಮ್ರದ ಕೆಂಪು ಒಳಗಿನಿಂದ ಬರುವ ಹಾಗೆ ಕಾಣುತ್ತದೆ. ನೀರಿನಿಂದ ಗ್ಲೇಜ್ ಮಾಡಲು ಹೋದರೆ ಬಣ್ಣ ಹನಿಗಟ್ಟಿ ಚುಕ್ಕೆ ಚುಕ್ಕೆಯಾಗುತ್ತದೆ.

ಕ್ರಮವನ್ನು ಗಮನಿಸಿದಿರಾ? ಕೆಳಗೆ ನೀರು, ನಡುವೆ ಬರೀ ಬಣ್ಣ, ಮೇಲೆ ಎಣ್ಣೆ ಬೆರೆತ ಬಣ್ಣ. ಕಾಲೇಜಿನಲ್ಲಿ ನಿಮಗೆ ಫ್ಯಾಟ್ ಓವರ್ ಲೀನ್ (ಎಣ್ಣೆ ಕಡಿಮೆ ಇರುವುದರ ಮೇಲೆ ಎಣ್ಣೆ ಜಾಸ್ತಿ ಇರುವುದು) ಅಂತ ಹೇಳಿಕೊಟ್ಟಿರುತ್ತಾರೆ, ಇದು ಅದೇ. ಎಣ್ಣೆ ಜಾಸ್ತಿ ಇರುವ ಪದರ ನಿಧಾನವಾಗಿ ಒಣಗುತ್ತದೆ, ಬಳುಕುತ್ತದೆ. ಅದನ್ನು ಕೆಳಗೆ ಹಾಕಿ ಮೇಲೆ ಬೇಗ ಒಣಗುವುದನ್ನು ಹಚ್ಚಿದರೆ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಮೇಲೆ ಗಟ್ಟಿ, ಒಳಗೆ ಹಸಿ. ಒಳಗಿನದು ಅಲುಗಿದಾಗ ಮೇಲಿನದು ಬಿರಿಯುತ್ತದೆ. ಟರ್ಪಂಟೈನ್ ಜಾಗಕ್ಕೆ ನೀರು ಬಂದಿದೆ ಅಷ್ಟೇ, ಈ ನಿಯಮ ಬದಲಾಗಿಲ್ಲ.

ಈಗ ಆ ಮಂಕಿನ ವಿಷಯ. ಎರಡು ಕಾರಣ ಇರಬಹುದು. ನೀರು ಜಾಸ್ತಿಯಾಗಿ ಪಿಗ್ಮೆಂಟನ್ನು ಹಿಡಿದಿಡುವಷ್ಟು ಎಣ್ಣೆ ಉಳಿದಿಲ್ಲ. ಇಲ್ಲವೇ ಕ್ಯಾನ್ವಾಸ್ ಎಣ್ಣೆ ಕುಡಿದಿದೆ. ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ ನೋಡಿ. ಬಣ್ಣದ ಪುಡಿ ಬಟ್ಟೆಗೆ ಬಂದರೆ ಮೊದಲನೆಯದು, ಆ ಪದರ ಗಟ್ಟಿ ಇಲ್ಲ ಅಂತ. ಅದರ ಮೇಲೆ ಚಿತ್ರ ಮುಂದುವರಿಸುವುದಕ್ಕಿಂತ ಒರೆಸಿ ತೆಗೆದು ಮತ್ತೆ ಮಾಡುವುದೇ ಒಳ್ಳೆಯದು. ಪುಡಿ ಬರದಿದ್ದರೆ ಎರಡನೆಯದು. ಅದಕ್ಕೆ ಗಾಬರಿ ಬೇಡ. ಪದರ ಮುಟ್ಟಲು ಒಣಗಿದ ಮೇಲೆ ವಾಟರ್ ಮಿಕ್ಸಬಲ್ ಲಿನ್ಸೀಡ್ ಆಯಿಲ್ ಎರಡು ಮೂರು ಹನಿ ಬಟ್ಟೆಗೆ ಹಾಕಿ, ಮಂಕಾದ ಕಡೆ ಮಾತ್ರ ಸವರಿ, ಒಂದು ನಿಮಿಷ ಬಿಟ್ಟು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಬಣ್ಣದ ಆಳ ಮರಳಿ ಬರುತ್ತದೆ. ಆಮೇಲೆ ಅದರ ಮೇಲೆ ಕೆಲಸ ಮುಂದುವರಿಸಬಹುದು. ಎಣ್ಣೆ ಒರೆಸದೆ ಬಿಟ್ಟರೆ ಮುಂದೆ ಅಲ್ಲೇ ಹಳದಿ ಕಲೆ.

ಕ್ಯಾನ್ವಾಸ್ ಎಣ್ಣೆ ಕುಡಿಯುತ್ತದಾ ಅಂತ ಮೊದಲೇ ತಿಳಿಯಬಹುದು. ಒಂದು ಹನಿ ನೀರು ಇಟ್ಟು ನೋಡಿ. ಹನಿ ದುಂಡಗೆ ನಿಂತರೆ ಸರಿ. ಸರಕ್ಕನೆ ಇಂಗಿದರೆ, ಹಿಂದೆ ಒದ್ದೆ ಕಂಡರೆ, ಆಕ್ರಿಲಿಕ್ ಗೆಸ್ಸೋ (ಚಿತ್ರಕ್ಕೆ ಮೊದಲು ಬಳಿಯುವ ತಳದ ಲೇಪ) ಇನ್ನೆರಡು ಕೋಟ್ ಬೇಕು. ನಡುವೆ ಸಣ್ಣ ಸ್ಯಾಂಡ್ ಪೇಪರ್ ಆಡಿಸಿ. ಎಮ್‌ಡಿಎಫ್, ಅಂದರೆ ಮರದ ನಾರನ್ನು ಒತ್ತಿ ಮಾಡಿದ ಬೋರ್ಡ್ ಆದರೆ ಅಂಚಿಗೂ ಹಿಂಬದಿಗೂ ಗೆಸ್ಸೋ ಬಳಿಯಲೇಬೇಕು. ಬರೀ ಮುಂದೆ ಬಳಿದರೆ ಉಡುಪಿಯ ಜುಲೈ ತಿಂಗಳು ಅದನ್ನು ಬಾಗಿಸುತ್ತದೆ, ಅಂಚು ಉಬ್ಬಿಸುತ್ತದೆ. ಬರಿಯ ಬಟ್ಟೆಯ ಮೇಲೆ ಮಾತ್ರ ಆಯಿಲ್ ಹಚ್ಚಬೇಡಿ. ಎಣ್ಣೆ ವರ್ಷಗಟ್ಟಲೆ ನೂಲನ್ನು ತಿನ್ನುತ್ತಾ ಹೋಗುತ್ತದೆ.

ಹಳೆಯ ಟ್ಯೂಬುಗಳನ್ನು ಎಸೆಯಬೇಡಿ, ಬೆರೆಸಬಹುದು. ಹಳೆಯ ಆಯಿಲ್ ಪೇಂಟ್ ಒಟ್ಟು ಬಣ್ಣದ ಕಾಲು ಭಾಗ ಮೀರದಿದ್ದರೆ ಬ್ರಷ್ಷಿನ ಬಣ್ಣ ಇನ್ನೂ ನೀರು ಸೋಪಿನಲ್ಲೇ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಆದರೆ ಚಿತ್ರಕ್ಕೇನೂ ಹಾನಿ ಇಲ್ಲ, ನೀರಿಗೆ ಬೆರೆಯುವ ಗುಣ ಕಳೆದುಹೋಗುತ್ತದೆ ಅಷ್ಟೇ. ಬಣ್ಣ ಬೇಗ ಒಣಗಲಿ ಅಂತ ಬೆರೆಸುವ ಲಿಕ್ವಿನ್‌ನಂಥ ಆಲ್ಕಿಡ್ ಮೀಡಿಯಂ ಬೇಡ ಅನ್ನುತ್ತೇನೆ. ಅದರಲ್ಲಿ ಪೆಟ್ರೋಲಿಯಂ ಸಾಲ್ವೆಂಟ್ (ಟರ್ಪಂಟೈನ್‌ನಂತೆ ಆವಿಯಾಗುವ ದ್ರಾವಕ) ಇದೆ. ಟರ್ಪಂಟೈನ್ ಬಿಟ್ಟು ಅದನ್ನು ತಂದರೆ ಏನು ಪ್ರಯೋಜನ, ಅಲ್ವಾ? ಬೇಗ ಒಣಗಬೇಕಿದ್ದರೆ ಈ ಬಣ್ಣಗಳಿಗೆಂದೇ ಫಾಸ್ಟ್ ಡ್ರೈಯಿಂಗ್ ಮೀಡಿಯಂ ಸಿಗುತ್ತದೆ.

ಅಡುಗೆಮನೆಯ ಎಣ್ಣೆಯನ್ನು ಬಣ್ಣಕ್ಕೆ ಬೆರೆಸಬಹುದಾ ಅಂತ ಹಲವರು ಕೇಳುತ್ತಾರೆ, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಬೇಡ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಒಣಗುವ ಜಾತಿಯವೇ ಅಲ್ಲ. ಎಷ್ಟು ವರ್ಷ ಇಟ್ಟರೂ ಚಿತ್ರ ಕೈಗೆ ಅಂಟುತ್ತದೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಅಗಸೆಯೂ ಬೆಳೆಯುತ್ತದೆ, ಕುಸುಬೆಯೂ ಬೆಳೆಯುತ್ತದೆ. ಚಿತ್ರಕಲೆಯ ಎಣ್ಣೆಗಳೂ ಆ ಬೀಜಗಳವೇ ನಿಜ. ಆದರೆ ಅಂಗಡಿಯ ಅಡುಗೆ ಎಣ್ಣೆ ಬೇಗ ಕಮಟದಿರಲಿ ಅಂತ ಕೆಲವು ಕಂಪನಿಗಳು ಆಂಟಿ ಆಕ್ಸಿಡೆಂಟ್ ಸೇರಿಸಿರುತ್ತವೆ. ಕಮಟುವುದನ್ನು ತಡೆಯುವ ವಸ್ತು ಒಣಗುವುದನ್ನೂ ತಡೆಯುತ್ತದೆ. ಕುಸುಬೆ ಎಣ್ಣೆ ಬ್ರಷ್ಷಿನ ಬಣ್ಣ ಬಿಡಿಸಲು ಚೆನ್ನಾಗಿದೆ, ಅಷ್ಟಕ್ಕೆ ಬಳಸಿ. ಆಮೇಲೆ ಸೋಪು ಹಾಕಿ ಪೂರ್ತಿ ತೊಳೆಯಿರಿ.

ಮಳೆಗಾಲದಲ್ಲಿ ಒಣಗುತ್ತದೆ, ನಿಧಾನವಾಗಿ. ತೆಳು ಪದರಕ್ಕೆ ಕೆಲವು ದಿನ, ಬಿಳಿ ಜಾಸ್ತಿ ಇರುವ ದಪ್ಪ ಪದರಕ್ಕೆ ಎರಡು ವಾರವೂ ಆಗಬಹುದು. ಗಾಳಿ ಬೆಳಕು ಎರಡೂ ಬೇಕು. ಕಪಾಟಿನಲ್ಲಿ ಮುಚ್ಚಿಟ್ಟರೆ ಒಣಗುವುದೂ ತಡ, ಅಗಸೆ ಎಣ್ಣೆ ಕತ್ತಲಲ್ಲಿ ಹಳದಿಗೂ ತಿರುಗುತ್ತದೆ. ಹಾಗೆ ತಿರುಗಿದ್ದು ಬೆಳಕಿಗೆ ತಂದಿಟ್ಟರೆ ಬಹಳಷ್ಟು ಮರಳಿ ತಿಳಿಯಾಗುತ್ತದೆ. ಸುಮ್ನೆ ಕಿಟಕಿ ಇರುವ ಕೋಣೆಯಲ್ಲಿ ಗೋಡೆಗೆ ತಾಗದ ಹಾಗೆ ನಿಲ್ಲಿಸಿ, ಫ್ಯಾನ್ ಹಾಕಿ. ಗೋಡೆಗೆ ತಾಗಿಸಿದರೆ ಹಿಂಬದಿಯ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ.

ಪ್ಯಾಲೆಟ್‌ನಲ್ಲಿ ಉಳಿದ ಬಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಹಳೆಯ ಆಯಿಲ್ ಪೇಂಟನ್ನು ನೀರಿನಲ್ಲಿ ಮುಳುಗಿಸಿಡುವ ಅಭ್ಯಾಸ ನಿಮಗಿದ್ದರೆ ಇಲ್ಲಿ ಅದು ನಡೆಯುವುದಿಲ್ಲ. ಮಾರನೇ ದಿನ ಬರೀ ಬಣ್ಣದ ನೀರು ಸಿಗುತ್ತದೆ.

ಟ್ಯೂಬ್ ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರದಲ್ಲಿರುವ ಪಿಗ್ಮೆಂಟ್ ಸಂಕೇತ ಓದಿ. ಬಿಳಿಯಲ್ಲಿ ಪಿಡಬ್ಲ್ಯು 6 ಅಂದರೆ ಟೈಟೇನಿಯಂ, ಪಿಡಬ್ಲ್ಯು 4 ಅಂದರೆ ಜಿಂಕ್. ಜಿಂಕ್ ಇರುವ ಎಣ್ಣೆ ಪದರ ವರ್ಷಗಳು ಕಳೆದಂತೆ ಪೆಡಸಾಗಿ ಬಿರಿಯುತ್ತದೆ, ಪದರ ಬಿಡುತ್ತದೆ. ಎರಡೂ ಬೆರೆತ ಬಿಳಿ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಬರೀ 6 ಇರುವುದನ್ನೇ ಹುಡುಕಿ ತನ್ನಿ. ಹೆಸರಿನ ಕೊನೆಗೆ ಹ್ಯೂ ಅಂತ ಇದ್ದರೆ ಅಸಲಿ ಪಿಗ್ಮೆಂಟ್ ಅಲ್ಲ, ಅದರ ಬಣ್ಣಕ್ಕೆ ಹತ್ತಿರದ ಬೇರೆಯದು. ನಿಮ್ಮ ಮನೆಯ ಮಟ್ಟಿಗೆ ಕ್ಯಾಡ್ಮಿಯಂ ಹ್ಯೂ ತಂದರೆ ನಾನು ಬೇಡ ಅನ್ನುವುದಿಲ್ಲ.

ಯಾಕೆಂದರೆ ಮಗಳ ವಿಷಯ. ನೀರಿನಲ್ಲಿ ತೊಳೆಯಬಹುದು ಅಂದ ಮಾತ್ರಕ್ಕೆ ಬಣ್ಣ ನಿರಪಾಯ ಅಲ್ಲ. ಹೋಗಿರುವುದು ಸಾಲ್ವೆಂಟಿನ ಹೊಗೆ ಮಾತ್ರ. ಕ್ಯಾಡ್ಮಿಯಂ, ಕೋಬಾಲ್ಟ್ ಇರುವ ಪಿಗ್ಮೆಂಟ್ ಈ ಟ್ಯೂಬುಗಳಲ್ಲೂ ಇರಬಹುದು. ಮಗುವಿಗೆ ಎಟುಕದ ಎತ್ತರದಲ್ಲಿಡಿ. ಬ್ರಷ್ ತೊಳೆಯುವ ಲೋಟ ಕುಡಿಯುವ ಲೋಟದಂತೆ ಕಾಣಬಾರದು. ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಮೊದಲು ಬ್ರಷ್ಷಿನ ಬಣ್ಣವನ್ನು ಪೇಪರಿಗೆ ಒರೆಸಿ, ಆಮೇಲೆ ನೀರು ಮತ್ತು ಸೋಪು. ತೊಳೆದ ನೀರನ್ನು ಒಂದು ಹಳೆ ಬಕೆಟ್ಟಿನಲ್ಲಿ ನಿಲ್ಲಿಸಿದರೆ ಬಣ್ಣದ ಬಹುಪಾಲು ತಳಕ್ಕೆ ಕೂರುತ್ತದೆ. ತಳದ ಕೆಸರನ್ನು ಪೇಪರಿನಲ್ಲಿ ಒರೆಸಿ ಅಪಾಯಕಾರಿ ಕಸದ ಜೊತೆ ಕೊಡಿ. ಬಾವಿಯ ಹತ್ತಿರ ಚೆಲ್ಲಬೇಡಿ.

ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯುವುದು ಎಲ್ಲಕ್ಕಿಂತ ಅಪಾಯ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಉಂಡೆಯೊಳಗೆ ಆ ಬಿಸಿ ಹೊರಹೋಗಲಾರದೆ ಏರುತ್ತಾ ಹೋಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬೆಂಕಿ ಕಡ್ಡಿಯೂ ಬೇಕಿಲ್ಲ. ಇದು ನೀರು ಬೆರೆಯುವ ಬಣ್ಣಕ್ಕೂ ಅನ್ವಯಿಸುತ್ತದೆ, ಎಣ್ಣೆ ಅದೇ ತಾನೆ. ಬಟ್ಟೆಯನ್ನು ಹೊರಗಡೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಮುಳುಗಿಸಿಡಿ. ಈ ಒಂದು ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡಿ.

ವಾರ್ನಿಶ್‌ಗೆ ತೆಳು ಚಿತ್ರವಾದರೆ ಆರು ತಿಂಗಳು, ದಪ್ಪ ಬಣ್ಣವಿದ್ದರೆ ಒಂದು ವರ್ಷ ಕಾಯಿರಿ. ಜೂನ್‌ನಲ್ಲಿ ಮುಗಿಸಿದ ಚೊಂಬಿಗೆ ಡಿಸೆಂಬರ್ ಅಥವಾ ಜನವರಿ ಸರಿಯಾಗುತ್ತದೆ. ತೇವದ ಹವೆಯಲ್ಲಿ ಹಚ್ಚಿದರೆ ವಾರ್ನಿಶ್ಷಿನೊಳಗೆ ತೇವ ಸಿಕ್ಕಿ ಬಿಳಿ ಮಸುಕು ಕೂರುತ್ತದೆ. ಹಾಗಾಗಿ ಒಣ ಹವೆ ಇರುವ ದಿನ, ಮಧ್ಯಾಹ್ನದ ಹೊತ್ತಿಗೆ, ಕಿಟಕಿ ಬಾಗಿಲು ತೆರೆದು ಹಚ್ಚಿ. ಬಹಳಷ್ಟು ವಾರ್ನಿಶ್‌ಗಳಲ್ಲಿ ಸಾಲ್ವೆಂಟ್ ಇರುತ್ತದೆ, ಆ ದಿನ ಮಗಳನ್ನು ಅಜ್ಜಿ ಮನೆಗೆ ಕಳಿಸಿಬಿಡಿ.